ಮನೆ ಭಾಷೆಯ ಕಾಲಂ

ಸೆಪ್ಟೆಂಬರ್ 9, ಸೋಮವಾರ

ಲಂಚ್ ಬಾಕ್ಸಿಗೆ ಚಪಾತಿ ರೋಲ್. ನೀರಿನ ಬಾಟಲಿಯ ಮುಚ್ಚಳ ಮೂರು ಸಲ ನೋಡಿದೆ. ಆದರೂ ಸೋರಿತೇನೋ... ಡಗ್ಲಸ್ ಬಡಾವಣೆಗೆ ಮನೆ ಬದಲಾಯಿಸಿದ ಮೇಲೆ ಮಗಳಿಗೆ ಹೊಸ ಸ್ಕೂಲು, ಎರಡನೇ ಕ್ಲಾಸು.

ಸಂಜೆ ಚಿನ್ಮಯಿ ಅಂದಳು, "ಮ್ಯಾಥ್ಸ್ ಟೈಮಲ್ಲಿ ಐ ಗೋ ಟು ದ ಲಿಟಲ್ ರೂಮ್, ಅಮ್ಮ."

ಇಂಗ್ಲಿಷ್ ಬಾರದ ಮಕ್ಕಳ ರೂಮಂತೆ. ಬೆಕ್ಕಿನ ಚಿತ್ರ ತೋರಿಸಿ "ಕ್ಯಾಟ್" ಅನ್ನಿಸುತ್ತಾರಂತೆ. ಇವಳು ಹುಟ್ಟಿದ್ದೇ ಈ ದೇಶದಲ್ಲಿ. ಕನ್ನಡದಲ್ಲಿ ಬೈದರೂ ಇಲ್ಲಿಯವರ ಹಾಗೆ "ಐ'ಮ್ ಗ್ರ್ಯಾಂಡ್" ಅನ್ನುವವಳು!

ಸೆಪ್ಟೆಂಬರ್ 10

ತಪ್ಪು ನನ್ನದೇ. ಅಡ್ಮಿಷನ್ ಫಾರ್ಮ್ ಈ ಸಲ ನಾನೇ ತುಂಬುತ್ತೇನೆಂದು ಇವರ ಕೈಯಿಂದ ಕಿತ್ತುಕೊಂಡಿದ್ದೆ. ಮನೆಯಲ್ಲಿ ಆಡುವ ಭಾಷೆ — ಕನ್ನಡ. ದಪ್ಪ ಅಕ್ಷರ, ಜಂಬದಿಂದ. ಅದನ್ನು ನೋಡಿಯೇ ಆ ರೂಮಿಗೆ ಹಾಕಿದ್ದಂತೆ. ಒಂಬತ್ತನೇ ಕ್ಲಾಸು ಬಿಟ್ಟವಳಿಗೆ ಫಾರ್ಮಿನ ಉಸಾಬರಿ ಯಾಕೆ ಬೇಕಿತ್ತು?

ಸೆಪ್ಟೆಂಬರ್ 12

ಗೇಟಿನ ಹತ್ತಿರ ಫೋಲಾ ಸಿಕ್ಕಳು. ನೈಜೀರಿಯಾದವಳು. ಅವಳ ಮಗಳೂ ಅದೇ ರೂಮು. ಆ ಮಗುವೂ ಇಲ್ಲೇ ಹುಟ್ಟಿದ್ದು.

ಚಿನ್ಮಯಿಯನ್ನು ಕೇಳಿದೆ — ರೂಮಲ್ಲಿ ಎಷ್ಟು ಜನ? ಎಂಟು. ಬಿಳಿ ಮಕ್ಕಳು? ಒಬ್ಬರೂ ಇಲ್ಲ. ಅವಳ ಕ್ಲಾಸಿನ ಬಿಳಿ ಹುಡುಗ ಲೂಕಾಸ್ ಜರ್ಮನಿಯಿಂದ ಬಂದು ಒಂದು ತಿಂಗಳು. ಅವನ ಮನೆಯಲ್ಲೂ ಇಂಗ್ಲಿಷ್ ಇಲ್ಲ. ಅವನು ಕ್ಲಾಸಲ್ಲೇ ಕೂತು ಲೆಕ್ಕ ಮಾಡುತ್ತಾನೆ.

"ಮಿಸ್ ಹೊರಗೆ ಹೋದ್ರೆ ಐ'ಮ್ ದ ಟೀಚರ್," ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 23

ಹತ್ತು ದಿನ ಬರೆಯಲಿಲ್ಲ. ಹೆದರಿಕೆ. ಹೋಗಿ ಮಾತಾಡಿದರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ?

ಇವರು ಹೇಳಿದರು, "ಕಾಲಂ ತಿದ್ದಿ ಇಂಗ್ಲಿಷ್ ಅಂತ ಬರಿ, ಮುಗೀತು. ಗಲಾಟೆ ಬೇಡ ಕಣೆ."

"ಚಿನ್ನು ಹೊರಗೆ ಬರ್ತಾಳೆ ರೀ. ಉಳಿದ ಏಳು?"

"ಅವ್ರಪ್ಪ-ಅಮ್ಮ ಇಲ್ವಾ?"

ನಮ್ಮೂರ ಸ್ಕೂಲಲ್ಲಿ ನನ್ನದು ಸಿ ಸೆಕ್ಷನ್. ಮಾರ್ಕ್ಸ್ ನೋಡಿ ಹಾಕಿದ್ದಲ್ಲ, ಕೇರಿ ನೋಡಿ ಹಾಕಿದ್ದು. ಲೆಕ್ಕದ ಮೇಷ್ಟ್ರು ನಮ್ಮ ಕಡೆ ಬರುತ್ತಲೇ ಇರಲಿಲ್ಲ. ಅಪ್ಪನೂ ಆಗ ಇದೇ ಮಾತು ಅಂದಿದ್ದರು. ಗಲಾಟೆ ಬೇಡ.

ಸೆಪ್ಟೆಂಬರ್ 26, ಬೆಳಗ್ಗೆ 9.10

ಪ್ರಿನ್ಸಿಪಾಲ್ ರೂಮಿನ ಹೊರಗೆ. ಪಕ್ಕದಲ್ಲಿ ಫೋಲಾ. ಕಾಯುತ್ತಾ ಕೂತು ಬರೆಯುತ್ತಿದ್ದೇನೆ. ಇಂಗ್ಲಿಷ್ ಮಾತು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದು, ಅರ್ಧ ಮರೆತಿದೆ.

ಆಫೀಸಿನಾಕೆ ಹೊಸ ಫಾರ್ಮ್ ಕೊಟ್ಟಳು. "ಜಸ್ಟ್ ಪುಟ್ ಇಂಗ್ಲಿಷ್, ಲವ್. ಯು'ಲ್ ಬಿ ಗ್ರ್ಯಾಂಡ್."

ಕನ್ನಡ ಅಂತಲೇ ಬರೆದೆ. ಕೆಳಗೆ ಗೆರೆ ಎಳೆದೆ. ಫೋಲಾ ತನ್ನದರಲ್ಲಿ ಯೊರುಬಾ ಅಂತ ಬರೆದಳು.

"ಇಫ್ ದೆ ಗೆಟ್ ಆಂಗ್ರಿ?" ಅಂದೆ.

"ಲೆಟ್ ದೆಮ್," ಅಂದಳು.

ನಾವು ಕೇಳುವುದು ಇಷ್ಟೇ: ಎಂಟೂ ಮಕ್ಕಳಿಗೆ ಪರೀಕ್ಷೆ ಇಡಲಿ. ಲೂಕಾಸನಿಗೂ ಇಡಲಿ. ಬಾರದವರಿಗೆ ಕಲಿಸಲಿ. ಮುಖ ನೋಡಿ ಹಾಕುವುದು ಬೇಡ.

ಬಾಗಿಲು ತೆರೆದರು. ಮೊದಲ ಮಾತು ನೆನಪಿದೆ — ಗುಡ್ ಮಾರ್ನಿಂಗ್, ನನ್ನ ಮಗಳಿಗೆ ನೀವು ಯಾವ ಪರೀಕ್ಷೆ ಮಾಡಿ ಆ ರೂಮಿಗೆ ಹಾಕಿದಿರಿ?