ಹೇಳಬೇಡ, ನನ್ನಾಣೆ

ಮಾಸ್ತಿ
ಮಂಗಳವಾರ, 18 ಫೆಬ್ರವರಿ 2025

ಮುಂಗೋಪದ ನನ್ನ ಮಗಳು ಧನಶ್ರೀಗೆ,

ಅಮ್ಮನ ಆಶೀರ್ವಾದ. ನೀನು ಫೋನ್ ತೆಗೆಯುತ್ತಿಲ್ಲ, ಅದಕ್ಕೇ ಕಾಗದ. ಕಾಗದದಲ್ಲಿ ಒಂದು ಅನುಕೂಲ ಇದೆ, ನಡುವೆ ಬಾಯಿ ಹಾಕೋಕೆ ನಿನಗೆ ಆಗುವುದಿಲ್ಲ. ನಿಮ್ಮ ಕಂಪನಿ ಬಸ್ ಓಡಿಸುವ ನಮ್ಮೂರ ಭೀಮರಾಜ್ ನಾಳೆ ಬೆಳಿಗ್ಗೆ ಇದನ್ನು ನರಸಾಪುರಕ್ಕೆ ತರುತ್ತಾನೆ. ಅವನ ಕೈಗೆ ಕಾಗದ ಮಾತ್ರ ಕೊಟ್ಟಿದ್ದೇನೆ, ತಿಂಡಿ ಡಬ್ಬಿ ಕೊಟ್ಟಿಲ್ಲ. ಅನುಮಾನ ಇದ್ದರೆ ಅವನ ಬ್ಯಾಗು ತೆಗೆಸಿ ನೋಡು.

ಚಂದನಳನ್ನು ನೀನು ಎಳೆದುಕೊಂಡು ಹೋಗಿ ಇವತ್ತಿಗೆ ಒಂಬತ್ತು ದಿನ. ಮೂರು ವರ್ಷದ ಮಗುವನ್ನು ನನ್ನ ಮಡಿಲಿಗೆ ಹಾಕಿ ನೀವು ಗಂಡ ಹೆಂಡತಿ ಫ್ಯಾಕ್ಟರಿಗೆ ಸೇರಿದಿರಿ, ಈಗ ಅವಳಿಗೆ ಹತ್ತು. ಇಷ್ಟು ವರ್ಷದಲ್ಲಿ ಅವಳಿಲ್ಲದೆ ಈ ಮನೆಯಲ್ಲಿ ಒಂದು ವಾರ ಕಳೆದದ್ದಿಲ್ಲ. ಸ್ಕೂಲಿನ ಟೀಚರು ಎರಡು ಸಲ ಕೇಳಿ ಕಳಿಸಿದರು, ಪರೀಕ್ಷೆ ಹತ್ತಿರ ಬಂತಂತೆ. ಅಲ್ಲಿ ನೀನು ಶಿಫ್ಟಿಗೆ ಹೋದಾಗ ಅಳಿಯಂದಿರು ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾರೆ, ಅದೇ ಒಂದು ಕೋಣೆಯಲ್ಲಿ ಮಗು ಸದ್ದು ಮಾಡದೆ ಕೂತಿರುತ್ತೆ. ಇದೆಲ್ಲ ನಿನಗೆ ಗೊತ್ತಿರುವುದೇ. ನಾನು ಬರೆಯಹೊರಟಿದ್ದು ಬೇರೆ ಮಾತು. ಚಂದನ ಕಳ್ಳಿ ಅಲ್ಲ. ಅವಳು ಏನನ್ನೂ ಕದ್ದು ತಿನ್ನಲಿಲ್ಲ. ಇದನ್ನು ನೀನು ನಂಬಬೇಕು, ನಂಬುವಂತೆ ಹೇಳುವುದು ನನ್ನ ಕೆಲಸ.

ದೀಪಾವಳಿ ಆದ ಮೇಲೆ ಸ್ಕೂಲಿನಲ್ಲಿ ತೂಕ ನೋಡಿ ನಲವತ್ತೆಂಟು ಕೇಜಿ ಅಂದಾಗ ನೀನು ಅವಳನ್ನು ಮಾಲೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕತ್ತಿನ ಹಿಂದಿನ ಕಪ್ಪು ಪಟ್ಟೆ ತೋರಿಸಿ, ಹೀಗೇ ಬಿಟ್ಟರೆ ಸಣ್ಣ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದೀತು ಅಂದರಂತೆ. ನಾನು ಅದನ್ನು ಕೊಳೆ ಅಂದುಕೊಂಡು ವರ್ಷವೆಲ್ಲ ಕಡಲೆಹಿಟ್ಟು ಹಾಕಿ ಉಜ್ಜಿದ್ದೆ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನೀನು ಅಡಿಗೆಮನೆ ಗೋಡೆಗೆ ಅಂಟಿಸಿದೆ. ಸಣ್ಣ ಮುದ್ದೆ, ಸೊಪ್ಪು ಜಾಸ್ತಿ, ಸಕ್ಕರೆ ಬೇಡ, ಬೇಕರಿ ಬೇಡ, ಸ್ಕೂಲಿಗೆ ನಡೆದೇ ಹೋಗಬೇಕು. ನಾವೆಲ್ಲ ತಲೆ ಆಡಿಸಿದೆವು. ಬಸವಣ್ಣನಿಗಿಂತ ಚೆನ್ನಾಗಿ ಆಡಿಸಿದೆವು.

ಮೊನ್ನೆ ಒಂಬತ್ತನೇ ತಾರೀಖು ಭಾನುವಾರ ಮೆಡಿಕಲ್ ಸ್ಟೋರಿನ ಮೆಷೀನು ಐವತ್ತೊಂದೂವರೆ ತೋರಿಸಿತು. ನೀನು ಮನೆಗೆ ಬಂದವಳೇ ಅವಳ ಸ್ಕೂಲ್ ಬ್ಯಾಗು ಕವುಚಿದೆ. ಬನ್ನಿನ ಕವರು, ಚಿಪ್ಸ್ ಪ್ಯಾಕೆಟ್ಟು, ಕೋಡುಬಳೆ ಕಟ್ಟಿದ್ದ ಪೇಪರು, ಎಲ್ಲ ಬಿತ್ತು. ಯಾರು ಕೊಟ್ಟರು ಅಂತ ಕೇಳಿದೆ. "ಯಾರೂ ಕೊಟ್ಟಿಲ್ಲಮ್ಮ, ನಾನೇ ಕದ್ದು ತಿಂದೆ" ಅಂದಳು. ನೀನು ಹೊಡೆದೆ. ಕಳ್ಳಿ ಅಂದೆ, ಹೊಟ್ಟೆಬಾಕಿ ಅಂದೆ. ಆಗ ಅಲ್ಲಿ ನಾವು ಮೂವರೂ ಇದ್ದೆವು. ನಿಮ್ಮಪ್ಪ ಚಪ್ಪಲಿ ಎಲ್ಲಿ ಅಂತ ಹುಡುಕುತ್ತಾ ಹೊರಗೆ ಹೋದರು, ಚಪ್ಪಲಿ ಕಾಲಲ್ಲೇ ಇತ್ತು. ನಿಮ್ಮ ಸೋದರತ್ತೆ ಮುನಿಗಂಗಮ್ಮ ಹಸುವಿಗೆ ನೀರಿಟ್ಟಿಲ್ಲ ಅಂತ ಎದ್ದಳು. ನಾನು ಹಸನು ಮಾಡಿ ಮುಗಿಸಿದ್ದ ರಾಗಿಯನ್ನೇ ಮೊರಕ್ಕೆ ಹಾಕಿಕೊಂಡು ಮತ್ತೆ ಹಸನು ಮಾಡುತ್ತಾ ಕೂತೆ. ಮಗು ನನ್ನ ಮುಖ ಒಂದು ಸಲ ನೋಡಿತು. ನಾನು ತಲೆ ಎತ್ತಲಿಲ್ಲ. ಅರವತ್ತೆರಡು ವರ್ಷ ಬದುಕಿದ್ದೇನೆ, ಅಷ್ಟು ಹೇಡಿಯಾಗಿ ಯಾವತ್ತೂ ಕೂತಿರಲಿಲ್ಲ.

ಸಾಯಂಕಾಲ ಮುದ್ದೆ ಮುಂದಿಟ್ಟರೆ ನಿಮ್ಮಪ್ಪ ಕೈ ಹಾಕಲಿಲ್ಲ. "ಲೇ, ಆ ಬನ್ನಿನ ಕವರು ನಂದು ಕಣೇ" ಅಂದರು. ದಿನಾ ಬೆಳಿಗ್ಗೆ ನನ್ನೆದುರಿಗೆ ಮೊಮ್ಮಗಳ ಕೈ ಹಿಡಿದು ನಡೆದೇ ಹೊರಡುತ್ತಿದ್ದರಲ್ಲ, ಬೀದಿ ತಿರುವಿನಲ್ಲಿ ಶ್ರೀನಿವಾಸಪ್ಪನ ಮನೆ ಮುಂದೆ ಇವರ ಟಿವಿಎಸ್ ಗಾಡಿ ಕಾಯುತ್ತಿತ್ತಂತೆ. ಹಿಂದಿನ ದಿನವೇ ಅಲ್ಲಿ ನಿಲ್ಲಿಸಿ ಬರುತ್ತಿದ್ದರಂತೆ. ದಾರಿಯಲ್ಲಿ ಬೇಕರಿ, ಒಂದು ಬೆಣ್ಣೆ ಬನ್ನು. ಯಾಕೆ ಹೀಗೆ ಮಾಡಿದಿರಿ ಅಂದರೆ, "ಇಷ್ಟೇ ಇಷ್ಟು ಮುದ್ದೆ ತಿಂದು ಆ ಬ್ಯಾಗ್ ಹೊತ್ಕೊಂಡು ನಡೀತಿತ್ತಲ್ಲ ಮಗು, ನಂಗೆ ಹೊಟ್ಟೆ ಚುರುಕ್ ಅಂತಿತ್ತು" ಅಂದರು.

ಅವರು ಬಾಯಿ ಬಿಟ್ಟ ಮೇಲೆ ನಿಮ್ಮತ್ತೆಗೂ ಧೈರ್ಯ ಬಂತು. ಚಿಪ್ಸು, ಕೋಡುಬಳೆ ಅವಳದು. ಸ್ಕೂಲು ಬಿಟ್ಟು ಬಂದ ಮಗುವನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೊಡುತ್ತಿದ್ದಳಂತೆ. ಮುಳಬಾಗಿಲ ಕಡೆಯ ಮನೆಗೆ ಸೊಸೆಯಾಗಿ ಹೋಗಿ ಮೂವತ್ತು ವರ್ಷ ಇದ್ದು ಬಂದವಳಲ್ಲವಾ, ಕರುಣೆ ಬಂದರೆ ತೆಲುಗಿನಲ್ಲೇ ಬರುವುದು. "ಪಾಪಂ, ಬಿಡ್ಡ ವಾಡಿಪೋಯಿಂದಿ" ಅಂತ ಕಣ್ಣೊರೆಸಿಕೊಂಡಳು. ಮಗು ಬಾಡಿ ಹೋಯಿತಂತೆ. ಐವತ್ತು ಕೇಜಿ ಮಗು.

ಇಬ್ಬರನ್ನೂ ಚೆನ್ನಾಗಿ ಬೈದೆ. ಬೈಯುತ್ತಾ ಬೈಯುತ್ತಾ ನನಗೇ ನಾಚಿಕೆ ಆಯಿತು, ಯಾಕೆಂದರೆ ನನ್ನದು ಆ ಬ್ಯಾಗಿನಲ್ಲಿ ಇರಲಿಲ್ಲ ಅಷ್ಟೆ. ನನ್ನದು ಲೋಟದಲ್ಲಿ ಇತ್ತು. ಚೀಟಿಯಲ್ಲಿ ಬರೆದ ಹಾಗೆ ಎಲ್ಲರೆದುರು ಸಣ್ಣ ಮುದ್ದೆ ಬಡಿಸಿ, ಆಮೇಲೆ "ಕರು ನೋಡೋಣ ಬಾ" ಅಂತ ಕೊಟ್ಟಿಗೆಗೆ ಕರೆಯುತ್ತಿದ್ದೆ. ಡೈರಿಗೆ ಹಾಕಿ ಉಳಿದ ಹಾಲನ್ನು ಕೆನೆ ಸಮೇತ, ಬೆಲ್ಲ ಹಾಕಿ, ಒಂದು ದೊಡ್ಡ ಲೋಟ. ಕೆಲವು ದಿನ ತುಪ್ಪ ಹಚ್ಚಿದ ಇನ್ನೊಂದು ಮುದ್ದೆಯೂ ಸೆರಗಿನಲ್ಲಿ ಇರುತ್ತಿತ್ತು. ಮಕ್ಕಳು ತಿನ್ನುವುದನ್ನು ನಾಲ್ಕು ಜನ ನೋಡಿದರೆ ದೃಷ್ಟಿಯಾಗುತ್ತೆ ಅಂತ ನಿನ್ನನ್ನೂ ಬಾಗಿಲ ಹಿಂದೆ ಕೂರಿಸಿ ತಿನ್ನಿಸಿದವಳು ನಾನು. ಮರೆಯಲ್ಲಿ ತಿನ್ನಿಸುವುದು ನನ್ನ ಕೈಗೆ ಹೊಸದಲ್ಲ.

ಅವಳು ಕೇಳಿ ತಿಂದವಳಲ್ಲ ಧನು. ಒಂದು ದಿನ "ಸಾಕು ಅಜ್ಜಿ, ಹೊಟ್ಟೆ ತುಂಬಿದೆ" ಅಂದಳು. ನಾನು ಮುಖ ಸಣ್ಣಗೆ ಮಾಡಿಕೊಂಡು "ಹೋಗ್ಲಿ ಬಿಡು, ಅಜ್ಜಿ ಮೇಲೆ ನಿಂಗೆ ಪ್ರೀತಿ ಇಲ್ಲ" ಅಂದೆ. ಕಣ್ಣು ಮುಚ್ಚಿಕೊಂಡು ಕುಡಿದು ಮುಗಿಸಿದಳು. ಹೊಟ್ಟೆಬಾಕಿ ಅಂದೆಯಲ್ಲ, ಆ ಮಾತು ಅವಳಿಗೆ ಅಲ್ಲ, ನಮಗೆ ಸೇರಬೇಕು. ಅವಳ ಹೊಟ್ಟೆಯಲ್ಲಿ ನಾವು ಮೂರು ಜನ ಉಂಡೆವು.

ಇನ್ನೂ ಕೇಳು. ಮೂವರೂ ಕೊಟ್ಟಾಗಲೆಲ್ಲ ಒಂದೇ ಮಾತು ಹೇಳಿದ್ದೇವೆ. ಯಾರಿಗೂ ಹೇಳಬೇಡ, ನನ್ನಾಣೆ. ನಮಗೆ ಅದು ಬಾಯಿಗೆ ಬರುವ ಮಾತು. ಆಣೆ ಮುರಿದರೆ ಆಣೆ ಇಟ್ಟವರು ಸತ್ತೇ ಹೋಗುತ್ತಾರೆ ಅಂತ ಅವಳಿಗೆ ಸಣ್ಣವಳಿದ್ದಾಗ ಹೇಳಿಕೊಟ್ಟವಳೂ ನಾನೇ. ನೀನು ಬ್ಯಾಗು ಕವುಚಿ ಯಾರು ಕೊಟ್ಟರು ಅಂದಾಗ ಅವಳಿಗೆ ಏನಾಗಿರಬೇಕು, ಯೋಚನೆ ಮಾಡು. ತಾತನ ಹೆಸರು ಹೇಳಿದರೆ ತಾತ ಸಾಯಬೇಕು, ಅಜ್ಜಿ ಹೆಸರು ಹೇಳಿದರೆ ಅಜ್ಜಿ. ಕಳ್ಳಿ ಆಗುವುದೇ ವಾಸಿ ಅಂದುಕೊಂಡಿತು ಮಗು. ಅಷ್ಟು ಏಟು ತಿಂದರೂ ಒಬ್ಬರ ಹೆಸರೂ ಹೇಳಲಿಲ್ಲ.

ಯಾಕೆ ಕೊಟ್ಟೆ ಅಂತ ನೀನು ಕೇಳುತ್ತೀಯ. ನೀನು ಸಣ್ಣವಳಿದ್ದಾಗ ನಾನು ಅಂಗನವಾಡಿಯಲ್ಲಿ ಸಹಾಯಕಿ. ಊರ ಮಕ್ಕಳಿಗೆಲ್ಲ ನಾನೇ ಬೇಯಿಸಿ ಹಾಕುತ್ತಿದ್ದೆ, ತಕ್ಕಡಿಯಲ್ಲಿ ಕೂರಿಸುತ್ತಿದ್ದೆ. ಆ ಮಕ್ಕಳೆಲ್ಲ ತೂಕದ ಕಾರ್ಡಿನಲ್ಲಿ ಗೆರೆ ದಾಟಿದವು, ನೀನು ಮಾತ್ರ ನಾಲ್ಕು ವರ್ಷದವರೆಗೂ ಗೆರೆ ಕೆಳಗೇ ಉಳಿದೆ. ದೀಪದ ಬುಡದಲ್ಲೇ ಕತ್ತಲೆ ಅಂತ ಹೆಂಗಸರು ನನ್ನೆದುರಿಗೇ ಆಡಿಕೊಂಡರು. ನಿನ್ನ ಮೊಣಕೈ ಮೂಳೆ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಆಮೇಲೆ ಚಂದನ ಬಂದಳು. ಅವಳ ಕೆನ್ನೆ ಗುಂಡಗಾದಾಗ ಅದೇ ಹೆಂಗಸರು ನನ್ನನ್ನು ತೋರಿಸಿ ಆದಿಲಕ್ಷ್ಮಿ ಕೈಗುಣ ನೋಡಿ ಅಂದರು. ನನಗೆ ಅದು ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ. ತೂಕ ಏರಿದರೆ ಒಳ್ಳೆಯದು ಅಂತ ಇಪ್ಪತ್ತು ವರ್ಷ ನೋಡಿದ ಕಣ್ಣು ಇದು. ಏರಿದ್ದು ಸಾಕು ಅನ್ನುವ ಗೆರೆಯೂ ಒಂದು ಇರುತ್ತೆ ಅಂತ ಗೊತ್ತಿತ್ತು, ಮನಸ್ಸು ಒಪ್ಪಲಿಲ್ಲ.

ನಿನ್ನೆ ಒಂದು ಕೆಲಸ ಮಾಡಿದೆವು. ಇನ್ನು ಈ ಮನೆಯಲ್ಲಿ ಮುಚ್ಚಿಡುವುದು ಬೇಡ, ಅದಕ್ಕೆ ಹೇಳುತ್ತಿದ್ದೇನೆ. ನೀನು ಕೆಲಸಕ್ಕೆ ಹೋಗಿದ್ದಾಗ ಅಳಿಯಂದಿರಿಗೆ ಫೋನ್ ಮಾಡಿ ಮಗುವಿನ ಕೈಗೆ ಕೊಡಿ ಅಂದೆ. ನಿನ್ನ ಗಂಡನ ಮೇಲೆ ರೇಗಬೇಡ, ನಿದ್ದೆಗಣ್ಣಲ್ಲಿ ಪಾಪ ಅವರು ನನ್ನ ಮಾತು ಕೇಳಿದರು. ಆಣೆ ಇಟ್ಟವರೇ ಬಿಡಿಸಬೇಕಲ್ಲ, ಮೂವರೂ ಒಬ್ಬೊಬ್ಬರಾಗಿ "ನನ್ನಾಣೆ ಬಿಟ್ಟೋಯ್ತು ಕಂದ, ಇನ್ನು ಯಾರಿಗ್ ಬೇಕಾದ್ರೂ ಹೇಳು" ಅಂದೆವು. ನಿಮ್ಮಪ್ಪ ಕೊನೆಗೆ ಹೇಳಿದರು. "ನಿಂಗೇನೂ ಆಗಲ್ಲ ತಾನೇ ತಾತ?" ಅಂತ ಅವಳು ಎರಡೆರಡು ಸಲ ಕೇಳಿದಳು.

ಭಾನುವಾರ ಅವಳನ್ನು ಕರೆದುಕೊಂಡು ಬಾ. ಚೀಟಿಯನ್ನು ಅಡಿಗೆಮನೆಯಿಂದ ಕಿತ್ತು ನಡುಮನೆಗೆ ಅಂಟಿಸಿದ್ದೇನೆ. ಇನ್ನು ಮೇಲೆ ಎಲ್ಲರೂ ಅಲ್ಲೇ ಒಟ್ಟಿಗೆ ಕೂತು ಅದರಲ್ಲಿ ಇರುವುದನ್ನೇ ತಿನ್ನುವುದು, ದೃಷ್ಟಿಯಾದರೆ ಆಗಲಿ, ನಿವಾಳಿಸಿ ಹಾಕೋಣ. ನಿಮ್ಮಪ್ಪ ಬುಧವಾರದಿಂದ ದಿನಾ ಸ್ಕೂಲ್ ಗೇಟಿನವರೆಗೆ ಒಬ್ಬರೇ ನಡೆದು ಹೋಗಿ ಬರುತ್ತಿದ್ದಾರೆ, ಅಭ್ಯಾಸಕ್ಕಂತೆ. ಬಂದು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ನಿಮ್ಮತ್ತೆ ಸೊಪ್ಪಿನ ಮಡಿ ಹಾಕಿದ್ದಾಳೆ. ನನ್ನ ಬಗ್ಗೆ ಮಾತ್ರ ಭರವಸೆ ಕೊಡಲಾರೆ, ಕರೆದು ಕೊಡುವ ಕೈ ಇದು, ನೀನು ಕಣ್ಣಿಟ್ಟಿರಬೇಕು. ಇಲ್ಲ, ನಿಮ್ಮನ್ನು ನಂಬಲ್ಲ, ಮಗು ನನ್ನ ಹತ್ತಿರವೇ ಇರಲಿ ಅಂತ ನೀನು ಅಂದರೂ ನಾನು ಎದುರು ಮಾತಾಡುವುದಿಲ್ಲ. ಅಳುತ್ತೇನೆ, ಅದು ನನ್ನ ಪಾಡು. ಎಲ್ಲಿದ್ದರೂ ಸರಿ, "ನೀನು ಕಳ್ಳಿ ಅಲ್ಲ" ಅಂತ ಅವಳಿಗೆ ನಿನ್ನ ಬಾಯಿಂದ ಹೇಳು. ನಾವು ಎಷ್ಟು ಸಲ ಹೇಳಿದರೂ ಅದು ಅಮ್ಮ ಹೇಳಿದ ಹಾಗೆ ಆಗುವುದಿಲ್ಲ.

ವೇಳೆಗೆ ಸರಿಯಾಗಿ ಊಟ ಮಾಡು. ಕ್ಯಾಂಟೀನಿನಲ್ಲಿ ಟೀ ಕುಡಿದೇ ಹೊತ್ತು ಕಳೆಯಬೇಡ. ನೋಡು, ಮತ್ತೆ ತಿನ್ನುವ ಮಾತಿಗೇ ಬಂದೆ.

ತಪ್ಪೊಪ್ಪಿಕೊಂಡು ಕಾಯುತ್ತಿರುವ
ನಿನ್ನ ಅಮ್ಮ,
ಆದಿಲಕ್ಷ್ಮಿ

ಮರೆತ ಮಾತು: ಮರೆತಿದ್ದೆ ಅಂದರೆ ಸುಳ್ಳು, ಬರೆಯಲೋ ಬೇಡವೋ ಅಂತ ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ನಾವು ಮೂವರೂ ಆಣೆ ಬಿಡಿಸಿದ ಮೇಲೆ, ಈಗ ಹಗುರ ಆಯಿತಾ ಕಂದ ಅಂತ ಕೇಳಿದೆ. "ಇನ್ನೂ ಒಬ್ಬರದು ಇದೆ ಅಜ್ಜಿ" ಅಂದಳು. ಯಾರದು ಅಂತ ಕೇಳಿದೆ. ಮೆಲ್ಲಗೆ, "ಹೇಳಲ್ಲ, ಹೇಳಿದ್ರೆ ಅಮ್ಮ ಸತ್ತೋಗ್ತಾಳೆ" ಅಂದಳು. ಭಾನುವಾರ ನಿನ್ನನ್ನು ಕರೆತರೋಕೆ ಬಸ್ ಸ್ಟ್ಯಾಂಡಿಗೆ ಓಡುವ ಮಗು ಬರುವಾಗ ಯಾಕೆ ಬಾಯಿ ಒರೆಸಿಕೊಂಡು ಬರುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ವಾರಕ್ಕೊಂದು ದಿನ ಮಗುವಿನ ಮುಖ ನೋಡುವ ತಾಯಿ, ಒಂದು ಪಫ್ಸ್ ಕೊಡಿಸದೆ ಹೇಗಿರುತ್ತಾಳೆ ಅಂತ ನಾನೂ ಸುಮ್ಮನಿದ್ದೆ. ನಮ್ಮ ಮೂವರದು ಬಿಡಿಸಿ ಆಯಿತು ಕಣೇ ಧನು. ಅದೊಂದನ್ನು ನೀನೇ ಬಿಡಿಸಬೇಕು. ಭಾನುವಾರದವರೆಗೆ ಕಾಯಬೇಡ, ಇವತ್ತೇ ಬಿಡಿಸು.