ಹನ್ನೊಂದು ಭತ್ತದ ಕಾಳು

ದಾವಾವ್
ಭಾನುವಾರ, 8 ಸೆಪ್ಟೆಂಬರ್ 2019

ಪ್ರೀತಿಯ ಅಕ್ಕ ಮಾರಿವಿಕ್‌ಗೆ,

ನಿನ್ನ ಕಾಗದ ಗುರುವಾರ ಅಂಗಡಿಯ ವಿಳಾಸಕ್ಕೆ ಬಂತು. ಹಂದಿ ಸೀನಿದರೂ ಫೋನಿನಲ್ಲಿ ನಾಲ್ಕು ಸಂದೇಶ ಕಳಿಸುವವಳು ನೀನು. ಅಂಥವಳು ಈ ಸಲ ಗೆರೆ ಹಾಳೆಯ ಮೇಲೆ ನಾಲ್ಕು ಪುಟ ಬರೆದಿದ್ದೀಯ. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡ ಕೂಡಲೇ ಊರಲ್ಲಿ ಯಾರೋ ತೀರಿಕೊಂಡರು ಎಂದುಕೊಂಡೆ. ಮೊಳೆಗಳ ಕಪಾಟಿನ ಹಿಂದೆ ನಿಂತು ಒಮ್ಮೆ ಓದಿದೆ. ಯಾರೂ ತೀರಿಕೊಂಡಿಲ್ಲ ಎಂದು ಗೊತ್ತಾದ ಮೇಲೆ ಕೂತು ಇನ್ನೊಮ್ಮೆ ಓದಿದೆ.

ಮೊದಲು ಸುಲಭದ ವಿಷಯ ಮುಗಿಸುತ್ತೇನೆ. ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ನನ್ನ ಹೆಸರಿಡಬೇಕು ಎಂದು ಊರಿನ ಯಜಮಾನ, ಕಪ್ತಾನ ವಿಸೆಂತೆ ಹಟ ಹಿಡಿದಿದ್ದಾನೆ. ಅವನು ಚುನಾವಣೆಗೆ ಮತ್ತೆ ನಿಲ್ಲುತ್ತಾನೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಅಕ್ಟೋಬರ್ ಏಳರ ಹಬ್ಬಕ್ಕೆ ಫಲಕ ಹಾಕುತ್ತಾರೆ, ಅದರ ಮೇಲಿನ ಮಾತು ನೀನು ಬರೆದುಕೊಡಬೇಕು. ನೀನು ಬರೆದದ್ದು ಚೆನ್ನಾಗಿಯೇ ಇದೆ: 'ಅರ್ನೆಲ್ ಸೊಬ್ರೆವೆಗಾ. ಈ ಅಂಕಣದಲ್ಲಿ ಆಡಿ ಬೆಳೆದವನು. 2004ರಲ್ಲಿ ದೇಶದ ದೊಡ್ಡ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಂಡಾಗ ಎರಡನೆಯವನಾಗಿ ಆಯ್ಕೆಯಾದವನು. ಮೊಣಕಾಲಿಗೆ ಪೆಟ್ಟಾಗದಿದ್ದರೆ ಇನ್ನೂ ಎತ್ತರಕ್ಕೆ ಏರುತ್ತಿದ್ದವನು.' ಇದರಲ್ಲಿ ಕೊನೆಯ ವಾಕ್ಯ ತೆಗೆದುಬಿಡು. ಕಾರಣ ಕೆಳಗೆ ಬರೆಯುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಎರಡನೆಯ ವಿಷಯ ಅಷ್ಟು ಸುಲಭದ್ದಲ್ಲ. ಆ ವರ್ಷದ ಹಬ್ಬದ ಬೆಳಿಗ್ಗೆ ಅಂಕಣದ ಮೇಲೆ ಒಣಗುತ್ತಿದ್ದದ್ದು ನಮ್ಮ ಭತ್ತ, ಪಂದ್ಯಕ್ಕೆ ಮುಂಚೆ ಅದನ್ನು ಬಾಚಿ ಗುಡಿಸಿದವಳು ನೀನು. ನಾನು ಬಿದ್ದು, ನಾಲ್ಕು ಜನ ನನ್ನನ್ನು ಎತ್ತಿಕೊಂಡು ಹೋದ ಮೇಲೆ, ನೀನು ರಿಂಗಿನ ಕೆಳಗೆ ಬಗ್ಗಿ ನೋಡಿದೆಯಂತೆ. ಹನ್ನೊಂದು ಕಾಳು ಸಿಕ್ಕವಂತೆ. ಅವನ್ನು ಅಮ್ಮನ ಔಷಧದ ಸೀಸೆಯಲ್ಲಿ ಹಾಕಿ ಹದಿನೈದು ವರ್ಷದಿಂದ ಬಟ್ಟೆಯ ಕೆಳಗೆ ಇಟ್ಟಿದ್ದೀಯಂತೆ. 'ನಿನ್ನ ಬದುಕನ್ನ ನಾನೇ ಜಾರಿಸಿ ಬೀಳಿಸಿದೆ ಕಣೋ' ಎಂದು ಬರೆದಿದ್ದೀಯ. ಆ ಸಾಲಿನಲ್ಲಿ ಮಸಿ ಹರಡಿದೆ.

ಅಕ್ಕ, ಸೀಸೆಯನ್ನು ಕೋಳಿಗೆ ಸುರಿ.

ನನಗೆ ಆ ವರ್ಷದ ಎಲ್ಲವೂ ಸರಿಯಾಗಿ ನೆನಪಿದೆ. ಆಗಸ್ಟಿನಲ್ಲಿ ಆಯ್ಕೆಯ ದಿನ ವೇದಿಕೆಯ ಮೇಲೆ ನನ್ನ ಹೆಸರು ಕೂಗಿದರು, ತಂಡದ ಟೋಪಿ ಹಾಕಿದರು. ಊರಿನಲ್ಲಿ ಅಮ್ಮ ನನ್ನ ಮುಖ ಅಚ್ಚು ಹಾಕಿದ ದೊಡ್ಡ ತಾಡಪಾಲು ಮಾಡಿಸಿ ಮಾವಿನ ಮರದಿಂದ ಚರ್ಚಿನ ಗೋಡೆಗೆ ಕಟ್ಟಿಸಿದಳು. 'ಇಡೀ ದೇಶಕ್ಕೆ ಎರಡನೇ ಆಯ್ಕೆ, ನಮ್ಮ ಹುಡುಗ' ಎಂದು ಅದರ ಮೇಲೆ. ಅದೇ ತಾಡಪಾಲು ಈಗ ಹಂದಿಗೂಡಿನ ಮೇಲಿದೆ, ನನ್ನ ಎಡಗಣ್ಣು ಹರಿದು ನೀರು ಸೋರುತ್ತದೆ ಎಂದು ಬರೆದಿದ್ದೀಯ. ಹೊಸದು ಹಾಕಿಸು. ಹಂದಿಗಳು ಎಷ್ಟು ವರ್ಷ ಅಂತ ನನ್ನನ್ನೇ ನೋಡಿಕೊಂಡಿರಬೇಕು?

ಹಬ್ಬಕ್ಕೆ ಊರಿಗೆ ಬರುವ ಹೊತ್ತಿಗೆ ನಾನು ಮನಿಲಾದಲ್ಲಿ ತಂಡದ ಜೊತೆ ಆರು ವಾರ ಅಭ್ಯಾಸ ಮಾಡಿದ್ದೆ. ಆ ಆರು ವಾರದ ಬಗ್ಗೆ ನಿಮಗ್ಯಾರಿಗೂ ಹೇಳಿಲ್ಲ. ಕಾಲೇಜಿನಲ್ಲಿ ನನ್ನ ಆಟ ಎಂದರೆ ಆರಡಿ ನಾಲ್ಕಂಗುಲ ಎತ್ತರ ಅಷ್ಟೇ. ರಿಂಗಿನ ಕೆಳಗೆ ನಿಂತು ಕೈ ಚಾಚಿದರೆ ಚೆಂಡು ತಾನಾಗಿ ಬರುತ್ತಿತ್ತು. ಮನಿಲಾದಲ್ಲಿ ರಿಂಗಿನ ಕೆಳಗೆ ನನಗಿಂತ ಗೇಣುದ್ದ ಎತ್ತರದವರು ಮೊದಲೇ ನಿಂತಿದ್ದರು. ಹೊರಗಿನಿಂದ ಆಡಬೇಕಾಯಿತು. ಹೊರಗಿನಿಂದ ಆಡುವವನಿಗೆ ಎರಡೂ ಕೈಯಲ್ಲಿ ಚೆಂಡು ಪುಟಿಸಲು ಬರಬೇಕು, ನನಗೆ ಬಲಗೈ ಮಾತ್ರ ಬರುತ್ತಿತ್ತು. ತಂಡದಲ್ಲಿ ಮೂವತ್ತೇಳು ವರ್ಷದ ಹಳಬನೊಬ್ಬನಿದ್ದ, ಆಗಲೇ ಹೊಟ್ಟೆ ಬಂದಿತ್ತು. ಅವನು ಮೂರನೆಯ ದಿನ ಅದನ್ನು ಕಂಡುಹಿಡಿದ. ಆಮೇಲೆ ದಿನಾ ನನ್ನನ್ನು ಎಡಕ್ಕೆ ತಳ್ಳಿ ಚೆಂಡು ಕಿತ್ತುಕೊಂಡು ಹೋಗುತ್ತಿದ್ದ. ಸಿಟ್ಟಿಲ್ಲ, ನಗುವಿಲ್ಲ, ಅಂಚೆಯವನು ಕಾಗದ ಹಂಚಿದಂತೆ.

ಒಂದು ದಿನ ತರಬೇತುದಾರ ನನ್ನನ್ನು ಪಕ್ಕಕ್ಕೆ ಕರೆದು, 'ಒಳಗಡೆ ನೀನು ಕುಳ್ಳ, ಹೊರಗಡೆ ನಿಧಾನ. ನೀನೇ ಹೇಳಪ್ಪ, ನಿನ್ನನ್ನ ಎಲ್ಲಿ ನಿಲ್ಲಿಸ್ಲಿ?' ಎಂದು ಕೇಳಿದ. ಅವನು ಬೈಯುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ.

ಇಷ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಹಬ್ಬಕ್ಕೆ ಬಂದೆ. ಹೊರಗಿನ ಪಂದ್ಯ ಆಡಬಾರದು ಎಂದು ಕರಾರಿನಲ್ಲಿತ್ತು. ಅದು ವಿಸೆಂತೆಗೂ ಗೊತ್ತಿತ್ತು. 'ಪಂದ್ಯದ ಒಂದೇ ಒಂದು ಕಾಲು ಭಾಗ ಆಡೋ, ನಮ್ಮ ಬಾಡಿಗೆ ಟ್ರೈಸಿಕಲ್ ಓಡಿಸೋರ ಎದುರಿಗೆ, ತಮಾಷೆಗೆ. ಮನಿಲಾಕ್ಕೆ ಯಾರು ಹೋಗಿ ಹೇಳ್ತಾರೆ?' ಎಂದ. ಊರ ಸಂತನ ಹಬ್ಬದಲ್ಲಿ ಇಲ್ಲ ಎನ್ನುವುದು ನಮ್ಮಲ್ಲಿ ಯಾರಿಗೆ ಸಾಧ್ಯ? ಆಡಿದೆ. ಗಾಡಿಯವರ ಕಡೆಯಿಂದ ನನ್ನ ಎದುರಿಗೆ ನಿಂತವನು ಬೆರ್ತಿಂಗ್, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು. ನನಗೆ ಹತ್ತು ವರ್ಷವಿದ್ದಾಗ ಚೆಂಡು ಹಿಡಿಯುವುದು ಹೇಳಿಕೊಟ್ಟವನೇ ಅವನು. ಅವನು ಎರಡು ಸಲ ನನ್ನ ಕೈಯಿಂದ ಚೆಂಡು ತೆಗೆದ. ಎರಡನೆಯ ಸಲ, 'ಅರ್ನೆಲ್, ಮನಿಲಾಕ್ಕೆ ಹೋಗುವಾಗ ನಿನ್ನ ಎಡಗೈ ಇಲ್ಲೇ ಮರೆತುಬಿಟ್ಟು ಹೋಗಿದ್ಯೇನೋ?' ಎಂದ. ಮೀನು ಮಾರುವ ಅಜ್ಜಿ ತಿಬೂರ್ಸ್ಯಾ ಬುಟ್ಟಿ ಇಳಿಸಿ, 'ಮನಿಲಾದೋರಿಗೆ ಕಣ್ಣಿಲ್ವೇನ್ರೋ, ಬೆರ್ತಿಂಗ್‌ನ ಬಿಟ್ಟು ಇವನ್ನ ಆರಿಸ್ಕೊಂಡಿದಾರೆ!' ಎಂದಳು. ಊರೆಲ್ಲ ನಕ್ಕಿತು. ನೀನೂ ಪೊರಕೆ ಹಿಡಿದುಕೊಂಡೇ ನಕ್ಕೆ. ಅದರಲ್ಲಿ ತಪ್ಪೇನಿಲ್ಲ, ಅದು ನಗುವಂಥದ್ದೇ. ಅದಾದ ಸ್ವಲ್ಪ ಹೊತ್ತಿಗೆ ನಾನು ಬಿದ್ದೆ.

ತಂಡಕ್ಕೆ ಬಚ್ಚಲಿನ ಪಾಚಿಯ ಮೇಲೆ ಜಾರಿದೆ ಎಂದು ಹೇಳಿದೆ. ಊರಿನವರು ಯಾರೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ, ಪತ್ರಿಕೆಯವರು ಬಂದು ಕೇಳಿದಾಗ ತಿಬೂರ್ಸ್ಯಾ ಅಜ್ಜಿ ನಮ್ಮ ಬಚ್ಚಲು ಬಹಳ ಕೆಟ್ಟದ್ದು ಎಂದು ಆಣೆ ಮಾಡಿದಳಂತೆ. ತಂಡದ ವೈದ್ಯ ಮೊಣಕಾಲಿನ ಚಿತ್ರ ತೆಗೆಸಿ ದೀಪಕ್ಕೆ ಹಿಡಿದು ನೋಡಿದ. ಮೂರು ವಾರ ಬಿಟ್ಟು ಆಡು ಎಂದ. ಮೂರು ವಾರ ಬಿಟ್ಟು ಆಡಿದೆ. ಇದನ್ನೇ ನಾನು ನಿನಗೆ ಹೇಳಬೇಕಾಗಿದ್ದದ್ದು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಐದು ವರ್ಷ ಆಡಿದೆ, ಮೂರು ತಂಡ ಬದಲಿಸಿದರು. ಮೊದಲ ವರ್ಷ ಪಂದ್ಯಕ್ಕೆ ಒಂಬತ್ತು ನಿಮಿಷ ಆಡಿಸಿದರು, ಕೊನೆಯ ವರ್ಷ ಎರಡು. ಕೊನೆಯ ಸಲ ನನ್ನನ್ನು ಇನ್ನೊಂದು ತಂಡಕ್ಕೆ ಕೊಟ್ಟು ಪಡೆದದ್ದು ಎರಡು ವರ್ಷದ ನಂತರ ಹೊಸಬನೊಬ್ಬನನ್ನು ಆರಿಸಿಕೊಳ್ಳುವ ಸರದಿಯನ್ನು. ಆ ಹೊಸಬ ಆಗಿನ್ನೂ ಕಾಲೇಜಿನಲ್ಲಿ ಓದುತ್ತಿದ್ದ. ನನ್ನ ನಂತರ ಮೂರನೆಯವನಾಗಿ ಆಯ್ಕೆಯಾದವನ ಅಂಗಿಯನ್ನು ಕಳೆದ ವರ್ಷ ಕ್ರೀಡಾಂಗಣದ ಚಾವಣಿಗೆ ಏರಿಸಿ ಗೌರವಿಸಿದರು. ನಾನು ಟಿ.ವಿ.ಯಲ್ಲಿ ನೋಡಿದೆ. ಅವನಿಗೆ ಎರಡೂ ಕೈ ಇದ್ದವು.

ಆದರೆ ನಾನು ಮೊಣಕಾಲನ್ನು ಬಿಡಲಿಲ್ಲ. ಅಮ್ಮ ಫೋನಿನಲ್ಲಿ, 'ಕಾಲು ಇನ್ನೂ ನೋಯತ್ತಾ ಮಗಾ? ಅದಕ್ಕೇ ಆಡಿಸ್ತಿಲ್ವಾ?' ಎಂದು ಕೇಳುತ್ತಿದ್ದಳು. ಹೌದಮ್ಮ ಎನ್ನುತ್ತಿದ್ದೆ. ಅಷ್ಟು ಸುಲಭವಾಗಿತ್ತು. ಇಲ್ಲಿ ಅಂಗಡಿಯಲ್ಲೂ ಯಾರಾದರೂ ಗಿರಾಕಿ ನನ್ನ ಎತ್ತರ ನೋಡಿ ಗುರುತು ಹಿಡಿದು, 'ನೀವಲ್ವಾ ಅವರು? ಪಾಪ, ಮೊಣಕಾಲು' ಎಂದರೆ, ನಾನು ಬಗ್ಗಿ ಮೊಣಕಾಲು ಸವರಿಕೊಂಡು ನಿಟ್ಟುಸಿರು ಬಿಡುತ್ತೇನೆ. ಪೆಟ್ಟಾಯಿತೆಂದು ಹೇಳಿದ್ದು ಎಡಗಾಲಿಗೆ. ಹೋದ ತಿಂಗಳು ಅವಸರದಲ್ಲಿ ಬಲಗಾಲು ಸವರಿದೆ. ಗಿರಾಕಿಗೆ ಗೊತ್ತಾಗಲಿಲ್ಲ, ಕನಿಕರಪಟ್ಟು ಎರಡು ಡಬ್ಬ ಬಣ್ಣ ಹೆಚ್ಚಿಗೆ ಕೊಂಡ. ಅಂಗಡಿಯ ಮಾಲೀಕ ಊಯ್ ಎಲ್ಲ ನೋಡುತ್ತ ನಿಂತಿದ್ದ, ಬಣ್ಣಕ್ಕೆ ಬಿಲ್ಲು ಬರೆದುಕೊಟ್ಟ. ಅವನಿಗೆ ನನ್ನಿಂದ ಉಪಯೋಗವಿದೆ, ಮೇಲಿನ ಅಟ್ಟಕ್ಕೆ ನನಗೆ ಏಣಿ ಬೇಡ.

ಈಗ ನಿನ್ನ ಕಾಗದದ ಮೂರನೆಯ ಪುಟಕ್ಕೆ ಬರುತ್ತೇನೆ. ನೀನು ಅಲ್ಲಿ ಒಂದೇ ಸಾಲು ಬರೆದು ಹಂದಿಯ ಮಾತಿಗೆ ಹೋಗಿಬಿಟ್ಟೆ. 'ಬೆರ್ತಿಂಗ್ ಈಗಲೂ ಚರ್ಚಿನ ಮುಂದೆ ಗಾಡಿ ನಿಲ್ಲಿಸುತ್ತಾನೆ, ಅಂಕಣದ ಕಡೆ ಮಾತ್ರ ಬರುವುದಿಲ್ಲ.' ಆ ವರ್ಷ ಹಬ್ಬ ಮುಗಿದ ಮೇಲೆ ಅವನು ತನ್ನ ತಂದೆತಾಯಿಯನ್ನು ಕರೆದುಕೊಂಡು ನಿನ್ನನ್ನು ಕೇಳಲು ಮನೆಗೆ ಬರುವವನಿದ್ದ. ಅದು ನನಗೆ ಗೊತ್ತಿತ್ತು. 'ನನ್ನ ಮಗನ ಕಾಲು ಮುರಿದೋನಿಗೆ ಮಗಳನ್ನ ಕೊಡೋದಾ?' ಎಂದು ಅಮ್ಮ ಅಡುಗೆಮನೆಯಲ್ಲಿ ಕೂಗಿದಾಗ ನಾನು ಪಕ್ಕದ ಕೋಣೆಯಲ್ಲಿ ಕಾಲು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದೆ. ನೀನು ಎದುರು ಮಾತಾಡಲಿಲ್ಲ. ಯಾಕೆ ಸುಮ್ಮನಾದೆ ಎಂದು ನನಗೆ ಇಷ್ಟು ವರ್ಷ ಅರ್ಥವಾಗಿರಲಿಲ್ಲ. ನಿನಗೆ ಅವನ ಮೇಲೆ ಅಷ್ಟೇನೂ ಮನಸ್ಸಿರಲಿಲ್ಲ ಎಂದುಕೊಂಡು ನೆಮ್ಮದಿಯಾಗಿದ್ದೆ. ಗುರುವಾರ ಸೀಸೆಯ ವಿಷಯ ಓದಿದಾಗ ಗೊತ್ತಾಯಿತು. ಅಮ್ಮ ಅವನ ಮೇಲೆ ಹೊರಿಸಿದ ತಪ್ಪು ನಿನ್ನದು ಎಂದು ನೀನು ತಿಳಿದುಕೊಂಡಿದ್ದೆ, ಅದಕ್ಕೇ ಬಾಯಿ ಮುಚ್ಚಿಕೊಂಡೆ.

ನನಗೆ ಇದಕ್ಕಾಗಿ ನಾಚಿಕೆಯಾಗಿದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಫಲಕಕ್ಕೆ ನೀನು ಬರೆದ ಮೊದಲ ಮೂರು ವಾಕ್ಯ ಸಾಕು. ಹೆಸರು ಬೇಡ ಎಂದರೆ ವಿಸೆಂತೆ ಬಿಡುವುದಿಲ್ಲ, ಇರಲಿ. ಮೊಣಕಾಲು ಬೇಡ. ಭತ್ತ ಒಣಹಾಕುವುದನ್ನು ನಿಲ್ಲಿಸಬೇಡಿ, ಆ ಸಿಮೆಂಟಿನಷ್ಟು ಚೆನ್ನಾಗಿ ಬಿಸಿಲು ಹಿಡಿಯುವ ಜಾಗ ಊರಲ್ಲಿ ಬೇರೆ ಇಲ್ಲ. ಅಮ್ಮನ ಗೋರಿಗೆ ನನ್ನ ಹೆಸರಿನಲ್ಲೂ ಒಂದು ಮೇಣದಬತ್ತಿ ಹಚ್ಚು.

ಇತಿ, ನಿನ್ನ ತಮ್ಮ,
ಅರ್ನೆಲ್

ಮರೆತ ಮಾತು:

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿದ್ದರೆ ಅದಕ್ಕೇ. ಮೇಲೆ 'ಬಿದ್ದೆ' ಎಂದು ಬರೆದು ಮುಂದೆ ಹೋಗಿದ್ದೇನೆ. ಅದು ಸರಿಯಲ್ಲ. ಆ ದಿನ ನಾನು ಬೇಗ ಬಂದು ಮಾವಿನ ಮರದ ಕೆಳಗೆ ಕೂತಿದ್ದೆ. ನೀನು ಎರಡು ಸಲ ಗುಡಿಸಿ, ಒದ್ದೆ ಗೋಣಿ ಎಳೆದು ಒರೆಸಿದ್ದನ್ನು ನೋಡಿದ್ದೇನೆ. ನಿನಗೆ ಸಿಕ್ಕ ಕಾಳುಗಳು ರಿಂಗಿನ ಕಂಬದ ಬುಡದ ಬಿರುಕಿನವು, ಅಲ್ಲಿ ಯಾವಾಗಲೂ ಇರುತ್ತವೆ. ನಾನಿದ್ದದ್ದು ಅಂಕಣದ ನಡುವೆ. ನನ್ನ ಕಾಲ ಕೆಳಗೆ ಸಿಮೆಂಟು ಬಿಟ್ಟು ಬೇರೇನೂ ಇರಲಿಲ್ಲ. ಬೆರ್ತಿಂಗ್ ಮೂರನೆಯ ಸಲ ನನ್ನ ಎಡಗಡೆಗೆ ಬಂದ. ಊರೆಲ್ಲ ನಗಲು ಬಾಯಿ ತೆರೆದು ಕಾಯುತ್ತಿತ್ತು. ನಾನು ಜಾರಲಿಲ್ಲ, ಅಕ್ಕ. ಕೂತುಬಿಟ್ಟೆ. ಕೂತು ಮೊಣಕಾಲು ಹಿಡಿದುಕೊಂಡೆ, ಆಮೇಲೆ ಎದ್ದೇಳಲು ಆಗಲಿಲ್ಲ, ಯಾಕೆಂದರೆ ನೀನು ಅಳುತ್ತ ಓಡಿ ಬರುತ್ತಿದ್ದೆ.

ಈ ಕಾಗದ ತೆಗೆದುಕೊಂಡು ಚರ್ಚಿನ ಮುಂದೆ ಹೋಗು. ಇದೊಂದು ಭಾಗವನ್ನು ಬೆರ್ತಿಂಗ್‌ಗೆ ನೀನೇ ಓದಿ ಹೇಳು, ಬೇರೆ ಗಾಡಿಯವರೂ ಕೇಳಿಸಿಕೊಳ್ಳಲಿ. ಮೂರನೆಯ ಸಲ ಅವನ ಕೈ ನನಗೆ ಸೋಕಲೂ ಇಲ್ಲ. ಅವನು ಮುಟ್ಟಿದ್ದು ಚೆಂಡನ್ನು ಮಾತ್ರ.