ಗಾಳಿಹೊಸ್ತಿಲು

…ಒಳಗರ ಬಾ, ಇಲ್ಲಾ ಹೊರಗರ ಹೋಗು, ಹೊಸ್ತಿಲ ಮ್ಯಾಲ ನಿಂದರಬ್ಯಾಡ ಎಂದು ನೀವು ಚಿಕ್ಕಂದಿನಲ್ಲಿ ಅವ್ವನನ್ನು ಗದರುತ್ತಿದ್ದಿರಂತೆ. ನಿಂದರಬ್ಯಾಡ ಎಂದಿರೋ ಕೂಡಬ್ಯಾಡ ಎಂದಿರೋ, ಅವ್ವನಿಗೆ ಈಗ ಸರಿಯಾಗಿ ನೆನಪಿಲ್ಲ.

ಇಂದು ಮೇ ನಲವತ್ತೊಂದು, ೨೧೧೮. ತಾರೀಖು ತಪ್ಪಿಲ್ಲ. ಬೇಸಿಗೆ ಮುಗಿಯದೆ ತಿಂಗಳು ಮುಗಿಯಿತು ಎನ್ನಲು ಮನಸ್ಸಾಗದೆ ಗದಗಿನಲ್ಲಿ ನಾವು ಮೇ ತಿಂಗಳನ್ನು ಹಿಗ್ಗಿಸಿಕೊಂಡಿದ್ದೇವೆ. ದಾನಮ್ಮಜ್ಜಿ, ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಈ ಕಾಗದ ಓದುವ ಹೊತ್ತಿಗೆ ನನಗಿಂತ ಹತ್ತು ವರ್ಷ ಚಿಕ್ಕವರಾಗಿರುವ ನಿಮ್ಮನ್ನು ಅಜ್ಜಿ ಎನ್ನಲು ನನಗೂ ನಾಲಿಗೆ ತಡವರಿಸುತ್ತದೆ. ನಾನು ನಿಮ್ಮ ಮೊಮ್ಮಗಳ ಮಗಳು. ಆ ಮೊಮ್ಮಗಳು, ನನ್ನ ಅವ್ವ ವಚನಾ, ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ.

ಅವಳಿಗೆ ಈಗ ಅಲ್ಝೈಮರ್. ಹೆಸರು ಬದಲಾಗಿಲ್ಲ, ಔಷಧ ಸಿಕ್ಕಿಲ್ಲ. ಔಷಧದ ಜಾಗದಲ್ಲಿ ನಮಗೆ ನುಣುಪು ಇದೆ. ಮರೆವಿನವರಿರುವ ಮನೆಗೆ ನುಣುಪುಗಾರರು ಬಂದು ಮೇಜಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡುತ್ತಾರೆ, ನಲ್ಲಿಯ ನೀರು ಸುಡದಂತೆ ನೋಡಿಕೊಳ್ಳುತ್ತಾರೆ, ಯಾರ ಕೈಗೆ ಉರಿಯಬೇಕು ಯಾರ ಕೈಗೆ ಉರಿಯಬಾರದು ಎಂದು ಒಲೆಗೆ ಕಲಿಸುತ್ತಾರೆ. ಕನ್ನಡಿಗೆ ಮಂಕು ಬಳಿಯುತ್ತಾರೆ. ಅವ್ವ ಕನ್ನಡಿಯೊಳಗಿನ ಮುದುಕಿಗೆ ಅಂಜುತ್ತಿದ್ದಳು. ಒಂದು ದಿನ ಮಾತ್ರ, ಪಾಪ, ಆಕಿಗೊಂದು ಕಪ್ ಚಹಾ ಕೊಟ್ಟು ಕಳಸು ಎಂದಿದ್ದಳು. ಬಾಗಿಲಿಗೆ ಕೀಲಿ ಹಾಕುವಂತಿಲ್ಲ; ಕೂಡಿಹಾಕಿದ ಮನೆಗಳಿಗೆ ಬೆಂಕಿ ಬಿದ್ದು ಮುದುಕರು ಸತ್ತ ಮೇಲೆ ಅದು ಅಪರಾಧ. ಸುಡುಹೊತ್ತು ಎಂಬುದೊಂದಿದೆ. ನಡುಹಗಲ ಸೈರನ್ ಆದ ಮೇಲೆ ಹೊರಗೆ ಹೋದವರು ಬದುಕುವುದು ಕಡಿಮೆ. ಈ ಎರಡರ ನಡುವೆ ನಾವು ಅವ್ವನನ್ನು ಉಳಿಸಿಕೊಳ್ಳಬೇಕಿತ್ತು.

ನಿಮ್ಮ ಕರಿಕಲ್ಲಿನ ಹೊಸ್ತಿಲು ನಮ್ಮ ತಲೆಬಾಗಿಲಿನಲ್ಲೇ ಇತ್ತು. ನೀವು ಕಲಿಸಿದಂತೆ ಅವ್ವ ಅದನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಮರೆವು ಬಂದ ಮೇಲೆ, ಮುಗಿಸಿದ ಪೂಜೆಯನ್ನೇ ಮತ್ತೆ ಮತ್ತೆ ಮಾಡುತ್ತಿದ್ದಳು. ಬಾಗಿಲ ತನಕ ಬಂದವಳು ಬಗ್ಗುವಳು, ಮುಟ್ಟುವಳು, ಒಳಗೆ ತಿರುಗುವಳು. ಅದು ಕಾವಲು ಎಂದು ನಮಗೆ ಹೊಳೆಯಲಿಲ್ಲ. ಒಮ್ಮೆ ಎಡವಿ ಮೊಳಕೈ ತರಚಿಕೊಂಡಾಗ ತಮ್ಮ ಬಸಲಿಂಗ, ಸೊಂಟ ಮುರದ್ರ ಮತ್ತ ಎದ್ದಾಳೇನಕ್ಕ, ಕಿತ್ತಿಸಿಬಿಡೂಣು ಎಂದ. ನಾನೂ ಹೂಂ ಎಂದೆ. ನುಣುಪುಗಾರರು ಕಲ್ಲನ್ನು ಅಲ್ಲೇ ಪುಡಿ ಮಾಡಿ, ನೆಲ ಸಪಾಟು ಮಾಡಿ, ಇನ್ನ ಚಿಂತಿ ಬ್ಯಾಡ್ರೀ ಎಂದು ಹೋದರು.

ಅವ್ವ ಆ ಜಾಗದಲ್ಲಿ ಕಾಲು ಎತ್ತಿಯೇ ಇಡುತ್ತಿದ್ದಳು. ಗಾಳಿಹೊಸ್ತಿಲಾ ದಾಟಾಕತ್ತಾಳ ನೋಡು ಎಂದು ಬಸಲಿಂಗ ನಕ್ಕ. ನಾನೂ ನಕ್ಕೆ. ಕೆಲವು ದಿನಗಳಲ್ಲಿ ಅವಳು ಕಾಲು ಎತ್ತುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಸೈರನ್ ಆದಾಗ ಅಡುಗೆಮನೆಯಿಂದ ಬಂದು ನೋಡುತ್ತೇನೆ, ಬಾಗಿಲು ತೆರೆದಿತ್ತು, ಅವಳಿರಲಿಲ್ಲ.

ಬಸಲಿಂಗನೂ ನಾನೂ ಒದ್ದೆ ಕಂಬಳಿ ಹೊದ್ದು ಹುಡುಕಿದೆವು. ಮರೆವಿಲ್ಲದ ಮನೆಯಿಲ್ಲ, ಹಾಗಾಗಿ ಓಣಿಯ ಮನೆಗಳೆಲ್ಲ ನುಣುಪಾಗಿವೆ, ಒಂದಕ್ಕೂ ಹೊಸ್ತಿಲಿಲ್ಲ. ಬಂದ್ಲು, ನಕ್ಕಳು, ನಮ್ಮ ಹಿತ್ತಲ ಬಾಗಿಲಿಂದ ಹೋದ್ಲರಿ, ನಿಮ್ಮ ಪೈಕಿ ಯಾರೋ ಸಂಗಾಟ ಅದಾರಂತ ತಿಳದಿದ್ವಿ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಎಲ್ಲಿ ಒಂದು ಮನೆ ಮುಗಿಯುತ್ತದೆ ಎಂದು ಅವಳಿಗೆ ಹೇಳುವುದು ಯಾವುದೂ ಉಳಿದಿರಲಿಲ್ಲ.

ಓಣಿಯ ಕೊನೆಗೆ ಮುಚ್ಚಿಹೋದ ಹಿಟ್ಟಿನ ಗಿರಣಿ. ಹಾಳುಬಿದ್ದದ್ದಕ್ಕೆ ಯಾರೂ ಮುಟ್ಟಿರದ ಕಟ್ಟಡ. ಅಲ್ಲಿ ಹೊಸ್ತಿಲು ಇತ್ತು. ಅವ್ವ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕುಂಕುಮ ಇಲ್ಲದ್ದಕ್ಕೆ ಮಣ್ಣು ಹಚ್ಚುತ್ತಿದ್ದಳು. ಕಲ್ಲು ಕಾದ ಹೆಂಚಾಗಿತ್ತು. ಅಂಗೈ ಸುಟ್ಟು ಬೊಕ್ಕೆ ಎದ್ದಿದ್ದರೂ ಕೈ ತೆಗೆದಿರಲಿಲ್ಲ. ನಮ್ಮನ್ನು ನೋಡಿ ಸಿಟ್ಟಿಗೆದ್ದಳು. ಎಲ್ಲಿ ಹಾಳಾಗಿ ಹೋಗಿದ್ರಿ, ಹಿಂಗ ಮನಿ ಬಿಟ್ಟು ಹೋಗ್ತಾರೇನ ಎಂದಳು. ಆ ಮಾತು ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಿರಣಿಯ ಕಲ್ಲನ್ನು ಎಬ್ಬಿಸಿ ತಂದು ನಮ್ಮ ಬಾಗಿಲಿಗೆ ಕೂರಿಸಿದ್ದೇವೆ. ನಿಮ್ಮದಕ್ಕಿಂತ ಎತ್ತರ, ಒರಟು. ಬಿದ್ದರೆ ನಮ್ಮನ್ನು ಕೇಳಬೇಡಿ ಎಂದು ನುಣುಪುಗಾರರು ಕೈತೊಳೆದುಕೊಂಡರು. ನಿನ್ನೆ ಎಡವಿದಳು, ಹಿಡಿದೆ. ಎಲ್ಲ ಸಲ ಹಿಡಿಯಲಾರೆ, ಗೊತ್ತಿದೆ. ಆದರೂ ಅವಳು ಬಗ್ಗುತ್ತಾಳೆ, ಮುಟ್ಟುತ್ತಾಳೆ, ಒಳಗೆ ತಿರುಗುತ್ತಾಳೆ.

ಇವತ್ತು ತಿರುಗಿಲ್ಲ. ಸೈರನ್ ಆಗಿದೆ. ಬಟ್ಟೆ ಸುತ್ತಿದ ಕೈಯನ್ನು ಚೌಕಟ್ಟಿಗೆ ಊರಿ ಹೊಸ್ತಿಲ ಮೇಲೆಯೇ ನಿಂತಿದ್ದಾಳೆ. ಒಂದು ತೋಳಿನಳತೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ತೋಳು ಹಿಡಿದು ಎಳೆದರೆ ಚೀರುತ್ತಾಳೆ. ಒಳಗರ ಬಾ ಎಂಬ ನಿಮ್ಮ ಮಾತನ್ನೇ ಹೇಳಿ ನೋಡಿದೆ. ಯಾರವ್ವ ನೀನು ಎಂಬಂತೆ ನನ್ನತ್ತ ನೋಡಿ, ಮತ್ತೆ ಯಾರದೋ ದನಿಗೆ ಕಿವಿಗೊಟ್ಟು ನಿಂತಳು. ಮುಂದೊಂದು ದಿನ ನಿಮ್ಮ ಹೊಸ್ತಿಲ ಮೇಲೆ ಒಂದು ಚಿಕ್ಕ ಹುಡುಗಿ, ನನ್ನ ಅವ್ವ, ಬಂದು ನಿಲ್ಲುತ್ತಾಳೆ. ಅವತ್ತು ನೀವು ಗದರುವಾಗ, ದಾನಮ್ಮಜ್ಜಿ, ಇಲ್ಲಿಯ ತನಕ ಕೇಳಿಸುವಷ್ಟು ಜೋರಾಗಿ ಅವಳನ್ನು ಒಳಗೆ ಕರೆಯುತ್ತೀರಾ?